ಕಿವಿ ನಿಂತ ಗಳಿಗೆ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಿಂದ ಮರಳಿ ಮೂರು ವಾರಗಳಾದವು. ಜೊಹಾನ್ಸ್‌ಬರ್ಗ್‌ನ ಕಚೇರಿಯಲ್ಲಿ, ಊರಿನವರ ವಾಟ್ಸಾಪ್ ಗುಂಪಿನಲ್ಲಿ, ಮೈಸೂರಿನಲ್ಲಿರುವ ಅಕ್ಕನ ಫೋನಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಏನೇನು ಸಿಕ್ಕಿತು?’ ನಾನೂ ಒಪ್ಪಿಸುತ್ತ ಬಂದಿದ್ದೇನೆ. ಸಿಂಹ ಸಿಕ್ಕಿತು, ಚಿರತೆ ಸಿಗಲಿಲ್ಲ, ಖಡ್ಗಮೃಗ ದೂರದಲ್ಲಿ ಎರಡು, ಕಾಡೆಮ್ಮೆಗಳ ದೊಡ್ಡ ಹಿಂಡು, ಜಿರಾಫೆ ಮತ್ತು ಜೀಬ್ರಾಗಳಿಗೆ ಲೆಕ್ಕವಿಲ್ಲ, ಆನೆಗಳು ಬೇಕಾದಷ್ಟು. ಕೇಳಿದವರಿಗೆ ಇಷ್ಟು ಸಾಕಾಗುತ್ತದೆ. ಆದರೆ ಆ ದಿನ ನನ್ನೊಳಗೆ ಉಳಿಸಿಹೋದದ್ದು ಈ ಪಟ್ಟಿಯಲ್ಲಿ ಇಲ್ಲ. ಅದು ಸುಮಾರು ಹತ್ತು ಮೀಟರ್ ದೂರದ ಒಂದು ಲೆಕ್ಕ. ರಾತ್ರಿ ಮಲಗಿದಾಗ ಕಾರಿನ ಮೂತಿಯಿಂದ ಒಂದು ಹೆಣ್ಣಾನೆಯ ಮುಂಗಾಲಿನವರೆಗಿನ ಆ ಮಣ್ಣುನೆಲವನ್ನು ಮತ್ತೆ ಮತ್ತೆ ಅಳೆಯುತ್ತೇನೆ, ಅದನ್ನು ಇಪ್ಪತ್ತು ಮಾಡಲು, ಮೂವತ್ತು ಮಾಡಲು ನೋಡುತ್ತೇನೆ, ಆಗುವುದಿಲ್ಲ.

ಈ ದೂರದ ಬಗ್ಗೆ ಕೇಳಬಹುದಾಗಿದ್ದ ಒಬ್ಬರೇ ಒಬ್ಬರು ನನ್ನ ಅಪ್ಪ. ಅವರಿಗೆ ಮಾತ್ರ ನಾನು ನಿನ್ನೆಯವರೆಗೂ ಹೇಳಿರಲಿಲ್ಲ.

ಸ್ಟೇರಿಂಗ್ ಕೈಗೆ ಬಂದಾಗ

ನಾನು ಗುಂಡ್ಲುಪೇಟೆಯವಳು. ಸಫಾರಿ ಎಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಬಸ್ಸು ಅಥವಾ ಕಬಿನಿಯಲ್ಲಿ ಜಂಗಲ್ ಲಾಡ್ಜಸ್‌ನವರ ಜೀಪು. ಎಲ್ಲಿ ತಿರುಗಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದನ್ನೆಲ್ಲ ಚಾಲಕರು ನೋಡಿಕೊಳ್ಳುತ್ತಾರೆ. ನಾವು ಕೂತು ನೋಡುವವರು, ಹೆಚ್ಚೆಂದರೆ ‘ಅಣ್ಣಾ, ಇನ್ನೊಂಚೂರು ಮುಂದಕ್ಕೆ’ ಎಂದು ಕೇಳುವವರು. ಆ ಕೋರಿಕೆಗೆ ಅವರು ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಸಣ್ಣ ಮುನಿಸು; ಎರಡರಲ್ಲೂ ನಮ್ಮ ಹೊಣೆ ಏನೂ ಇರುವುದಿಲ್ಲ.

ಕ್ರೂಗರ್‌ನಲ್ಲಿ ಹಾಗಲ್ಲ. ಸುಮಾರು 19,500 ಚದರ ಕಿಲೋಮೀಟರ್ ಹರಡಿರುವ, ಬಂಡೀಪುರದ ಇಪ್ಪತ್ತು ಪಟ್ಟಿಗೂ ದೊಡ್ಡದಾದ ಆ ಕಾಡಿನೊಳಕ್ಕೆ ನಮ್ಮದೇ ಕಾರಿನಲ್ಲಿ, ಒಂದು ನಕ್ಷೆಯ ಪುಸ್ತಕ ಹಿಡಿದು ಹೋಗಬಹುದು. ಜೊತೆಗೆ ಗೈಡ್ ಬರುವುದಿಲ್ಲ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣುರಸ್ತೆಯಲ್ಲಿ 40 ವೇಗದ ಮಿತಿ. ಗುರುತು ಮಾಡಿದ ಜಾಗಗಳನ್ನು ಬಿಟ್ಟರೆ ಎಲ್ಲಿಯೂ ಕಾರಿನಿಂದ ಇಳಿಯುವಂತಿಲ್ಲ. ಕಿಟಕಿಯಿಂದ ಮೈ ಹೊರಚಾಚುವಂತಿಲ್ಲ. ಗೇಟು ಮುಚ್ಚುವುದರೊಳಗೆ ಹೊರಗಿರಬೇಕು. ಇಷ್ಟನ್ನು ಪಾಲಿಸಿದರೆ ಮಿಕ್ಕ ನಿರ್ಧಾರಗಳೆಲ್ಲ ಸ್ಟೇರಿಂಗ್ ಹಿಡಿದವರವು. ಈ ಉದ್ಯಾನ ಮೊದಲಿನಿಂದಲೂ ಹೀಗೆಯೇ ಕಾರಿನ ಜೊತೆ ಬೆಳೆದದ್ದು. 1898ರಲ್ಲಿ ಸಾಬಿ ನದಿಯ ಸುತ್ತ ಮೀಸಲು ಪ್ರದೇಶವಾಗಿ ಶುರುವಾದದ್ದು 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಪ್ರವಾಸಿಗರಿಗೆ ತೆರೆದಾಗ ಆ ವರ್ಷವಿಡೀ ಒಳಗೆ ಬಂದ ಕಾರುಗಳು ಮೂರೇ ಮೂರು. ಅದಕ್ಕೂ ಮೊದಲು 1923ರಲ್ಲಿ ರೈಲ್ವೆಯವರು ಒಂಬತ್ತು ದಿನಗಳ ಒಂದು ಪ್ರವಾಸ ನಡೆಸಿ, ಅದರ ರೈಲನ್ನು ಈ ಕಾಡಿನಲ್ಲೂ ನಿಲ್ಲಿಸಿದ್ದರು. ಜನರಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದು ಆ ನಿಲುಗಡೆಯೇ. ಕಾಡು ಉಳಿಯಬೇಕಾದರೆ ಜನ ಬಂದು ನೋಡಬೇಕು ಎಂಬ ವಾದಕ್ಕೆ ಬಲ ಬಂದದ್ದು ಹೀಗೆ. ಇಂದು ಆ ಮೂರು ಕಾರುಗಳ ಹಿಂದೆ ಲಕ್ಷಾಂತರ ಕಾರುಗಳು ಸಾಲುಗಟ್ಟಿವೆ. ಅವುಗಳಲ್ಲಿ ನಮ್ಮದೂ ಒಂದು.

ನಾವು ಐದು ಜನ. ಹುಬ್ಬಳ್ಳಿಯ ಗೆಳೆಯ ಮತ್ತು ಅವನ ಹೆಂಡತಿ, ಪುತ್ತೂರಿನ ಗೆಳತಿ, ಡರ್ಬನ್ನಿನಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿ, ಮತ್ತು ನಾನು. ಡರ್ಬನ್ನಿನ ಗೆಳೆಯನ ಪೂರ್ವಿಕರು ನಟಾಲಿನ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳಾಗಿ ಮದರಾಸಿನಿಂದ ಹಡಗು ಹತ್ತಿದವರು. ಅಂಥವರ ಮೊದಲ ಹಡಗು ಡರ್ಬನ್ ಮುಟ್ಟಿದ್ದು 1860ರ ನವೆಂಬರಿನಲ್ಲಿ. ಅವನಿಗೆ ಕನ್ನಡ ಬಾರದು, ತಮಿಳು ಅಜ್ಜಿಯೊಂದಿಗೇ ಹೋಯಿತು. ಆದರೆ ಈ ಕಾಡಿನ ಭಾಷೆ ನಮ್ಮೆಲ್ಲರಿಗಿಂತ ಅವನಿಗೆ ಚೆನ್ನಾಗಿ ಬರುತ್ತದೆ. ಆಗಸ್ಟ್ 9ರ ಮಹಿಳಾ ದಿನಾಚರಣೆಯ ರಜೆಗೆ ವಾರಾಂತ್ಯ ಸೇರಿಸಿಕೊಂಡು ಹಿಂದಿನ ದಿನವೇ ಹೇಜಿವ್ಯೂ ಊರಿಗೆ ಬಂದು ಉಳಿದಿದ್ದೆವು. ಉದ್ದದ ರಜೆಗಳಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಪ್ರವೇಶವನ್ನು ಮೊದಲೇ ಕಾಯ್ದಿರಿಸಬೇಕಾಗುತ್ತದೆ. ಆ ಕೆಲಸವನ್ನು ಪುತ್ತೂರಿನ ಗೆಳತಿ ಎರಡು ತಿಂಗಳ ಹಿಂದೆಯೇ ಮಾಡಿ ಮುಗಿಸಿದ್ದಳು. ಇಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯ ಸಂಚಾರ, ಬಲಬದಿಯ ಸ್ಟೇರಿಂಗ್. ಎತ್ತರದ ಏಳು ಸೀಟಿನ ಗಾಡಿ. ಓಡಿಸುವವಳು ನಾನು.

ನಡೆಯುವ ಮಂಗಟ್ಟೆಗಳು

ಬೆಳಿಗ್ಗೆ ಆರಕ್ಕೆ ಫಾಬೇನಿ ಗೇಟು ತೆರೆದಾಗ ನಮ್ಮ ಮುಂದೆ ಹನ್ನೆರಡು ಕಾರುಗಳಿದ್ದವು. ಆಗಸ್ಟ್ ಅಲ್ಲಿ ಚಳಿಗಾಲದ ಕೊನೆ. ಮಳೆ ನಿಂತು ತಿಂಗಳುಗಳಾಗಿ ಹುಲ್ಲು ಒಣಗಿ ನೆಲಕ್ಕೆ ಬಿದ್ದಿರುತ್ತದೆ, ಮುಳ್ಳುಮರಗಳು ಎಲೆ ಉದುರಿಸಿ ನಿಂತಿರುತ್ತವೆ, ಪ್ರಾಣಿಗಳು ನೀರಿಗಾಗಿ ನದಿಯ ಕಡೆಗೆ ಬರುತ್ತವೆ. ಹಾಗಾಗಿ ನೋಡುವವರಿಗೆ ಇದು ಒಳ್ಳೆಯ ಕಾಲ. ಸ್ಕುಕೂಜ಼ಾ ಕ್ಯಾಂಪಿನ ಕಡೆಗಿನ ರಸ್ತೆಯಲ್ಲಿ ಇನ್ನೂ ಹತ್ತು ಕಿಲೋಮೀಟರ್ ಹೋಗಿರಲಿಲ್ಲ, ಕೆಂಪು ಗಂಟಲಿನ ನಾಲ್ಕು ದೊಡ್ಡ ಕಪ್ಪು ಹಕ್ಕಿಗಳು ರಸ್ತೆಯ ಮೇಲೆ ನಡೆದು ಬರುತ್ತಿದ್ದುದು ಕಂಡಿತು. ನೆಲದ ಮಂಗಟ್ಟೆಗಳು. ಪುತ್ತೂರಿನ ಗೆಳತಿಗೆ ಮಂಗಟ್ಟೆಯೆಂದರೆ ಘಟ್ಟದ ಎತ್ತರದ ಮರಗಳಲ್ಲಿ ಹಣ್ಣು ತಿನ್ನುವ, ರೆಕ್ಕೆಯ ಸದ್ದಿನಿಂದಲೇ ಇರವು ತಿಳಿಯುವ ಹಕ್ಕಿ. ಅದೇ ಕುಲದ ಹಕ್ಕಿ ಇಲ್ಲಿ ಜಮೀನು ಅಳೆಯುವವರಂತೆ ಒಂದೊಂದೇ ಹೆಜ್ಜೆ ಇಡುತ್ತ, ಕೊಕ್ಕಿನಿಂದ ನೆಲ ಕೆದರುತ್ತ, ಹುಳವನ್ನೋ ಹಲ್ಲಿಯನ್ನೋ ಹೆಕ್ಕುತ್ತ ಬರುವುದನ್ನು ಕಂಡು ಅವಳು ಕ್ಯಾಮೆರಾವನ್ನೂ ಎತ್ತಲಿಲ್ಲ. ನಾನು ಎಂಜಿನ್ ಆರಿಸಿದೆ. ಅವು ಕಾರಿನ ಎರಡೂ ಬದಿಗೆ ಹಂಚಿಕೊಂಡು, ನಮ್ಮನ್ನು ಒಂದು ಬಂಡೆಯಂತೆ ಬಳಸಿ ಮುಂದೆ ಹೋದವು. ನಮ್ಮ ಹಿಂದಿದ್ದ ಕಾರುಗಳು ಒಂದೊಂದಾಗಿ ನಮ್ಮನ್ನು ದಾಟಿ ಸಿಂಹ ಹುಡುಕಿಕೊಂಡು ಹೊರಟುಹೋದವು. ಇಡೀ ದಿನದಲ್ಲಿ ನಾವು ಸರಿಯಾಗಿ ನಿಂತ ನಿಲುಗಡೆ ಅದೊಂದೇ ಎಂದು ಈಗ ಅನ್ನಿಸುತ್ತದೆ. ಅಲ್ಲಿ ನಮಗೆ ಹತ್ತಿರ ಹೋಗುವ ಆಸೆ ಇರಲಿಲ್ಲ. ಹತ್ತಿರ ಬರುವ, ಬಾರದಿರುವ ಆಯ್ಕೆ ಹಕ್ಕಿಗಳದಾಗಿತ್ತು.

ಸ್ಕುಕೂಜ಼ಾದಿಂದ ಲೋವರ್ ಸಾಬಿಯವರೆಗೆ ನದಿಯ ಪಕ್ಕದಲ್ಲೇ ಹೋಗುವ ಸುಮಾರು 45 ಕಿಲೋಮೀಟರಿನ ರಸ್ತೆ ಇಡೀ ಉದ್ಯಾನದಲ್ಲಿ ಅತಿ ಹೆಚ್ಚು ಕಾರುಗಳು ಓಡಾಡುವ ದಾರಿಗಳಲ್ಲಿ ಒಂದು. ಅಲ್ಲೊಂದು ತಿರುವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ರಸ್ತೆಯ ಎರಡೂ ಬದಿಯನ್ನು ತುಂಬಿ ಮೂರು ಸಾಲಾಗಿ ನಿಂತಿದ್ದವು. ಸಿಂಹವಿದೆ ಎಂದು ಮುಂದಿನವರು ಹೇಳಿದರು. ನಾವೂ ಆ ಗುಂಪಿನೊಳಗೆ ಗಾಡಿ ತೂರಿಸಿದೆವು. ಐವತ್ತು ನಿಮಿಷ ನಿಂತು ನಾವು ಕಂಡದ್ದು ಪೊದೆಯ ಆಚೆಗೆ ಎದ್ದುನಿಂತ ಒಂದು ಕಿವಿಯ ತುದಿಯನ್ನು, ಒಮ್ಮೆ ಬಾಲದ ಗೊಂಡೆಯನ್ನು. ನನ್ನ ಪಟ್ಟಿಯಲ್ಲಿ ‘ಸಿಂಹ ಸಿಕ್ಕಿತು’ ಎಂದು ನಾನು ಹೇಳುವುದು ಇದನ್ನೇ. ಆದರೆ ಆ ಐವತ್ತು ನಿಮಿಷಗಳಲ್ಲಿ ಇನ್ನೊಂದನ್ನೂ ಕಂಡೆ. ರಸ್ತೆಯ ಈಚೆ ಬದಿಯಲ್ಲಿ ಇಂಪಾಲಾಗಳ ಒಂದು ಹಿಂಡು ಬಂದು ನಿಂತಿತ್ತು. ಅವುಗಳಿಗೆ ನೀರು ಬೇಕಿತ್ತೋ ಏನೋ, ನದಿ ಆಚೆ ಬದಿಯಲ್ಲಿತ್ತು. ಮುಂದಿನ ಹೆಣ್ಣು ಎರಡು ಹೆಜ್ಜೆ ಇಟ್ಟು ಕಾರುಗಳ ಗೋಡೆಯನ್ನು ನೋಡಿತು, ಹಿಂದಕ್ಕೆ ಸರಿಯಿತು, ಮತ್ತೆ ಬಂದಿತು. ಯಾರೂ ಅತ್ತ ತಿರುಗಲಿಲ್ಲ, ಏಕೆಂದರೆ ಕ್ರೂಗರ್‌ನಲ್ಲಿ ಇಂಪಾಲಾ ಎಂದರೆ ನಮ್ಮ ಚುಕ್ಕೆ ಜಿಂಕೆಯಿದ್ದಂತೆ, ಮೊದಲ ಅರ್ಧ ಗಂಟೆಯ ನಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಾರು ಹೊರಟಿದ್ದರೆ ಅವಕ್ಕೆ ಸಂದಿ ಸಿಗುತ್ತಿತ್ತು. ಆ ಒಂದು ಕಾರು ನಮ್ಮದಾಗಬಹುದಿತ್ತು. ನಾವು ಕಿವಿಯ ತುದಿ ಮುಖವಾಗಬಹುದು ಎಂದು ಕಾದೆವು.

ಎನ್ಕುಹ್ಲು ಎಂಬ ನದಿಬದಿಯ ಜಾಗದಲ್ಲಿ ಇಳಿದು ತಿಂಡಿ ಮಾಡಿದೆವು. ಸ್ಕಾಟೆಲ್ ಎಂಬ, ಗ್ಯಾಸಿನ ಮೇಲೆ ಕೂರುವ ಅಗಲದ ಕಬ್ಬಿಣದ ಹರಿವಾಣವನ್ನು ಅಲ್ಲಿ ಬಾಡಿಗೆಗೆ ಕೊಡುತ್ತಾರೆ. ಸುತ್ತಲಿನವರೆಲ್ಲ ಅದರ ಮೇಲೆ ಮೊಟ್ಟೆ, ಮಾಂಸ ಹುರಿಯುತ್ತಿದ್ದಾಗ ಹುಬ್ಬಳ್ಳಿಯ ಗೆಳೆಯ ಈರುಳ್ಳಿ, ಹಸಿಮೆಣಸು, ಕರಿಬೇವು ಹಾಕಿ ಉಪ್ಪಿಟ್ಟು ಕೆದಕಿದ. ಒಂದು ಮಂಗ ಬಂದು ಬ್ರೆಡ್ಡಿನ ಇಡೀ ಪೊಟ್ಟಣವನ್ನು ಎತ್ತಿಕೊಂಡು ಹೋಯಿತು. ಆ ತಿಂಡಿಯ ಹೊತ್ತಿನ ಸಂತೋಷ ದೊಡ್ಡದಾಗಿತ್ತು. ಊರಿನಿಂದ ಇಷ್ಟು ದೂರ ಬಂದವರು, ಎದುರಿಗೆ ನೀರುಕುದುರೆಗಳು ಉಸಿರು ಬಿಡುವ ಸದ್ದು ಕೇಳುತ್ತ ಒಂದೇ ಹರಿವಾಣದಿಂದ ಬಿಸಿ ಉಪ್ಪಿಟ್ಟು ತಿನ್ನುವುದು ಎಲ್ಲರ ಪಾಲಿಗೂ ಬರುವಂಥದ್ದಲ್ಲ.

ಅಪ್ಪನ ರಸ್ತೆ

ಇಲ್ಲಿ ಅಪ್ಪನ ವಿಷಯ ಹೇಳಲೇಬೇಕು. ಅವರು ಕೆಎಸ್‌ಆರ್‌ಟಿಸಿಯಲ್ಲಿ ಚಾಲಕರಾಗಿದ್ದರು. ಅವರ ಸೇವೆಯ ಹೆಚ್ಚಿನ ಭಾಗ ಮೈಸೂರು–ಊಟಿ ರಸ್ತೆಯಲ್ಲಿ ಕಳೆಯಿತು. ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟಿನಿಂದ ಗಡಿಯ ಕೆಕ್ಕನಹಳ್ಳದವರೆಗಿನ ಕಾಡಿನ ದಾರಿಯನ್ನು ಅವರು ಎಷ್ಟು ಸಾವಿರ ಸಲ ದಾಟಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅದನ್ನು ಸಫಾರಿ ಎಂದು ಅವರು ಒಮ್ಮೆಯೂ ಕರೆದದ್ದಿಲ್ಲ, ಅವರಿಗೆ ಅದು ಡ್ಯೂಟಿ. ಆದರೆ ಐದು ಡಿಗ್ರಿ ಚಳಿಯ ಕ್ರೂಗರ್‌ನ ಗೇಟಿನಲ್ಲಿ ಎಂಜಿನ್ ಚಾಲೂ ಮಾಡಿದಾಗ ನನಗೆ ಹೊಳೆದದ್ದು, ಸ್ವತಃ ಗಾಡಿ ಓಡಿಸಿಕೊಂಡು ಆನೆಗಳ ನಡುವೆ ಹೋಗುವುದು ನಮ್ಮ ಮನೆಯಲ್ಲಿ ನನ್ನಿಂದ ಶುರುವಾದದ್ದಲ್ಲ ಎಂಬುದು.

ನನಗೆ ಎಂಟು ವರ್ಷವಿರಬೇಕು. ಬೇಸಿಗೆ ರಜೆಯಲ್ಲಿ ಅಪ್ಪನ ಬಸ್ಸಿನಲ್ಲಿ ಊಟಿಗೆ ಹೋಗಿ ಬರುತ್ತಿದ್ದೆ. ಎಂಜಿನ್ನಿನ ಬಾನೆಟ್ಟಿನ ಪಕ್ಕದ ಸೀಟು ನನ್ನದು. ಬಾನೆಟ್ಟಿನ ಬಿಸಿ ಮೊಣಕಾಲಿಗೆ ತಾಗುತ್ತಿತ್ತು. ಹೊತ್ತು ಮುಳುಗುವ ಸಮಯ. ಬಂಡೀಪುರ ಇನ್ನೂ ಎರಡು ಮೂರು ಮೈಲಿ ಇದೆ ಎನ್ನುವಾಗ ಅಪ್ಪ ಬಸ್ಸಿನ ವೇಗ ಇಳಿಸಿದರು. ರಸ್ತೆಯ ಮೇಲೆ ಹಬೆಯಾಡುವ ಲದ್ದಿ ಬಿದ್ದಿತ್ತು. ಅದನ್ನು ನೋಡಿಯೇ ಅವರು ಕಾಲು ಬ್ರೇಕಿನ ಮೇಲೆ ಇಟ್ಟಿದ್ದರು; ಆನೆಗಳು ಕಂಡದ್ದು ಮುಂದಿನ ತಿರುವಿನಲ್ಲಿ. ಏಳೋ ಎಂಟೋ ಆನೆಗಳು, ಎರಡು ಮರಿ, ರಸ್ತೆಯ ಎರಡೂ ಬದಿಯಲ್ಲಿ. ಅಪ್ಪ ಬಸ್ಸನ್ನು ಬಹಳ ಹಿಂದೆಯೇ ನಿಲ್ಲಿಸಿ ಎಂಜಿನ್ ಆರಿಸಿದರು, ಲೈಟು ತಗ್ಗಿಸಿದರು. ಹಿಂದಿನ ಸೀಟಿನಿಂದ ಯಾರೋ ಹಾರ್ನ್ ಹೊಡೆಯಿರಿ ಎಂದರು. ಇನ್ನೊಬ್ಬರು ಮೈಸೂರಿನಿಂದ ರಾತ್ರಿ ರೈಲು ಹಿಡಿಯಬೇಕು ಎಂದರು. ಅಪ್ಪ ಯಾರಿಗೂ ಉತ್ತರಿಸಲಿಲ್ಲ. ನನ್ನ ಕಡೆ ಬಾಗಿ, ತೀರ ತಗ್ಗಿದ ದನಿಯಲ್ಲಿ, ‘ಕಿವಿ ನೋಡು ಕನವ್ವ. ಬೀಸ್ತಾ ಇದ್ರ ಅದರ ಪಾಡಿಗೆ ಮೇಯ್ತಾ ಅದ ಅಂತ. ಕಿವಿ ನಿಂತೋದ್ರ ನಿನ್ನ ಕೇಳಿಸ್ಕತಾ ಅದ. ಆವಾಗ ನೀ ಹಿಂದಕ್ಕ ಹೋಗ್ಬೇಕು’ ಎಂದರು.

ಆ ಸಂಜೆ ದೊಡ್ಡ ಹೆಣ್ಣಾನೆಯ ಕಿವಿ ನಿಂತಿತು. ಅಪ್ಪ ಮಾತಿಲ್ಲದೆ ಕಂಡಕ್ಟರ್ ಕಡೆ ತಿರುಗಿದರು. ಕಂಡಕ್ಟರ್ ಮಾಮ ಸೀಟಿ ಊದಲಿಲ್ಲ. ಹಿಂದಿನ ಕಿಟಕಿಯ ಬಳಿ ಹೋಗಿ, ಬಸ್ಸಿನ ತಗಡನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತ ‘ಬರ್ಲಿ… ಬರ್ಲಿ…’ ಎಂದರು. ಐವತ್ತು ಜನ ತುಂಬಿದ ಬಸ್ಸು ಕಾಡಿನ ರಸ್ತೆಯಲ್ಲಿ ಕತ್ತಲಾಗುತ್ತಿರುವಾಗ ಮಾರು ಮಾರು ಹಿಂದಕ್ಕೆ ಸರಿಯಿತು. ಎಷ್ಟೋ ಹೊತ್ತಿನ ನಂತರ ಆನೆಯ ಕಿವಿ ಮತ್ತೆ ಬೀಸತೊಡಗಿತು, ಮರಿಗಳು ದಾಟಿದವು. ನಲವತ್ತು ನಿಮಿಷ ತಡವಾಗಿ ಗುಂಡ್ಲುಪೇಟೆ ನಿಲ್ದಾಣಕ್ಕೆ ಬಂದಾಗ ಟಿ.ಸಿ. ಅವರು ಯಾಕೆ ಲೇಟು ಎಂದು ಕೇಳಿದರು. ಅಪ್ಪ ‘ಆನೆ’ ಎಂದರು. ಅವರು ಹಾಗೆಯೇ ಬರೆದುಕೊಂಡರು. 2009ರಲ್ಲಿ ಆ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧಿಸಿದಾಗ ಊರಿನಲ್ಲಿ ಪರವಿರೋಧದ ಮಾತುಗಳು ಜೋರಾಗಿ ನಡೆದವು. ನಿವೃತ್ತಿಯ ಅಂಚಿನಲ್ಲಿದ್ದ ಅಪ್ಪ, ರಾತ್ರಿ ಹೊತ್ತಿನಲ್ಲಿ ಕಿವಿ ಕಾಣುವುದಿಲ್ಲವಲ್ಲ ಎಂದಷ್ಟೇ ಹೇಳಿದರು.

ಹತ್ತು ಮೀಟರ್

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ನಾವು ಕಾರುಗಳ ಸಂದಣಿ ತಪ್ಪಿಸಲು ಸೇತುವೆ ದಾಟಿ ಸಾಬಿ ನದಿಯ ಉತ್ತರ ದಂಡೆಯ ಮಣ್ಣುರಸ್ತೆಗೆ ಇಳಿದೆವು. ಅಲ್ಲಿ ಯಾರೂ ಇರಲಿಲ್ಲ. ಕಿಟಕಿ ಇಳಿಸಿದರೆ ಒಣ ಹುಲ್ಲಿನ ವಾಸನೆ, ತಂತಿಯ ಮೇಲೆ ಕೂತಂತೆ ಒಂದು ಬೋಳು ಕೊಂಬೆಯ ತುದಿಯಲ್ಲಿ ನೇರಳೆ ಎದೆಯ ನೀಲಕಂಠ. ನಮ್ಮ ರಾಜ್ಯಪಕ್ಷಿಯ ಹತ್ತಿರದ ನೆಂಟ. ರಸ್ತೆಯ ಮೇಲಿನ ಲದ್ದಿಯನ್ನು ನಾನು ಕಂಡೆ, ಬಳಸಿಕೊಂಡು ಹೋದೆ. ಹಸಿಯೋ ಒಣಗಿದ್ದೋ ಎಂದು ನೋಡಲಿಲ್ಲ. ಇದನ್ನು ಬರೆಯುವಾಗಲೂ ಮನಸ್ಸು ಮುದುಡುತ್ತದೆ.

ಆನೆಗಳು ಎಡಗಡೆಯಿಂದ ಬಲಕ್ಕೆ, ನದಿಯ ಕಡೆಗೆ, ದಾಟುತ್ತಿದ್ದವು. ನಾನು ಐವತ್ತು ಮೀಟರಿನಷ್ಟು ಹಿಂದೆ ನಿಲ್ಲಿಸಿ ಎಂಜಿನ್ ಆರಿಸಿದೆ. ಅಲ್ಲಿಯವರೆಗೆ ತಪ್ಪಿರಲಿಲ್ಲ. ಒಂದೊಂದಾಗಿ ಆರು ಆನೆಗಳು ದಾಟಿದವು. ನಮ್ಮೂರಿನ ಆನೆಗಳನ್ನು ನೋಡಿ ಬೆಳೆದ ಕಣ್ಣಿಗೆ ಅವು ಅಪರಿಚಿತ: ಎರಡು ಗುಮ್ಮಟವಿಲ್ಲದ ತಲೆ, ಹೆಣ್ಣಾನೆಗಳಿಗೂ ದಂತ, ಇಡೀ ಹೆಗಲು ಮುಚ್ಚುವ ಕಿವಿ. ಆ ಕಿವಿಗಳು ಬೀಸುತ್ತಿದ್ದವು. ಕೊನೆಯದಾಗಿ ದಾಟಿದ ದೊಡ್ಡ ಹೆಣ್ಣಾನೆ ರಸ್ತೆಯ ಬಲ ಅಂಚಿನಲ್ಲೇ ನಿಂತಿತು. ಮುಳ್ಳಿನ ಪೊದೆ ಅಡ್ಡವಾಗಿ ಅದರ ಮುಖ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಯಾರೋ, ಇನ್ನೊಂಚೂರು ಮುಂದೆ ಹೋದರೆ ಪೊದೆ ತಪ್ಪುತ್ತದೆ ಎಂದರು. ಯಾರು ಹೇಳಿದರು ಎಂಬುದು ಮುಖ್ಯವಲ್ಲ. ಕಬಿನಿಯ ಜೀಪಿನಲ್ಲಿ ಕೂತು ನಾನೇ ಎಷ್ಟೋ ಸಲ ಆಡಿದ ಮಾತು ಅದು. ಅಲ್ಲಿ ಬೇಡವೆನ್ನಲು ಒಬ್ಬ ಚಾಲಕರಿದ್ದರು. ಇಲ್ಲಿ ಆ ಜಾಗದಲ್ಲಿ ಕೂತವಳು ನಾನು, ನಾನು ಬೇಡ ಎನ್ನಲಿಲ್ಲ. ಹಿಂಡು ದಾಟಿ ಮುಗಿಯಿತು ಎಂದುಕೊಂಡು ಎಂಜಿನ್ ಚಾಲೂ ಮಾಡಿ ಮೆಲ್ಲಗೆ ಮುಂದೆ ಬಂದೆ. ಆನೆ ಇನ್ನೂ ನಿಂತೇ ಇತ್ತು, ಇನ್ನಷ್ಟು ಬಂದೆ.

ಅದು ನಿಂತದ್ದು ನಮಗೆ ಮುಖ ತೋರಿಸಲು ಅಲ್ಲ. ಎಡಗಡೆಯ ಪೊದೆಗಳ ಹಿಂದೆ ಒಂದು ಎಳೆಯ ಹೆಣ್ಣಾನೆ ಮತ್ತು ಅದರ ಪಕ್ಕಕ್ಕೆ ಅಂಟಿಕೊಂಡು ಒಂದು ಮರಿ ಇನ್ನೂ ದಾಟಬೇಕಿತ್ತು. ಮರಿ ಆ ಹೆಣ್ಣಾನೆಯ ಹೊಟ್ಟೆಯಡಿ ನುಸುಳುವಷ್ಟು ಸಣ್ಣದು. ಒಂದು ವರ್ಷ ತುಂಬಿರಲಾರದು. ನಾವು ಸರಿಯಾಗಿ ಅವುಗಳ ದಾರಿಯ ಮೇಲೆ ಬಂದು ನಿಂತಿದ್ದೆವು. ದೊಡ್ಡ ಹೆಣ್ಣಾನೆ ಇಡೀ ಮೈಯನ್ನು ನಮ್ಮ ಕಡೆಗೆ ತಿರುಗಿಸಿತು. ಕಿವಿಗಳು ಹರಡಿಕೊಂಡು, ನಿಂತವು. ಅಷ್ಟು ಅಗಲದ ಕಿವಿಗಳು ಅಲುಗದೆ ನಿಂತಾಗ ಗಾಳಿಯೇ ನಿಂತಂತೆ ಆಗುತ್ತದೆ. ಕೆನ್ನೆಯ ಮೇಲೆ ಕಣ್ಣಿನ ಹಿಂದಿನ ಗ್ರಂಥಿಯಿಂದ ಒಂದು ಒದ್ದೆ ಗೆರೆ ಇಳಿದಿತ್ತು. ಈ ಆನೆಗಳಲ್ಲಿ ಹೆಣ್ಣುಗಳಿಗೂ ಕಳವಳವಾದಾಗ ಅದು ಒಸರುತ್ತದೆ. ಹಿಂದಕ್ಕೆ ಹೋಗಬೇಕು ಎಂದು ಕನ್ನಡಿ ನೋಡಿದರೆ, ಯಾವಾಗ ಬಂದಿತೋ, ಒಂದು ಬಿಳಿ ಕಾರು ನಮ್ಮ ಬೆನ್ನಿಗೇ ನಿಂತಿತ್ತು. ಅವರಿಗೆ ನಮ್ಮ ಎತ್ತರದ ಗಾಡಿ ಅಡ್ಡವಾಗಿ ಮರಿ ಕಂಡಿರಲಾರದು. ಹಾರ್ನ್ ಹೊಡೆಯುವಂತಿರಲಿಲ್ಲ. ಇಳಿಯುವಂತಿರಲಿಲ್ಲ.

ಡರ್ಬನ್ನಿನ ಗೆಳೆಯ ತುಟಿ ಅಲುಗದಂತೆ, ರಿವರ್ಸ್ ಗೇರ್ ಹಾಕು, ಬಿಳಿ ದೀಪ ಹೊತ್ತಿದರೆ ಅವರಿಗೆ ಅರ್ಥವಾಗುತ್ತದೆ, ಎಂದ. ಹಾಕಿದೆ. ಬ್ರೇಕಿನ ಮೇಲಿದ್ದ ನನ್ನ ಕಾಲು ನಡುಗುತ್ತಿದ್ದುದು ಇಡೀ ಗಾಡಿಗೆ ತಿಳಿಯುತ್ತಿದೆ ಎನ್ನಿಸಿತು. ಮೂರು ಉಸಿರು, ನಾಲ್ಕು ಉಸಿರು. ಹಿಂದಿನ ಕಾರಿನ ಚಾಲಕರಿಗೆ ಕೊನೆಗೂ ತಿಳಿಯಿತು. ಅವರು ಹಿಂದಕ್ಕೆ ಸರಿಯತೊಡಗಿದರು. ಆಗ ಹಿಂದಿನ ಸೀಟಿನಲ್ಲಿ ಗಾಜಿನ ಕಡೆ ತಿರುಗಿ ಕೂತಿದ್ದ ಹುಬ್ಬಳ್ಳಿಯ ಗೆಳೆಯ, ಯಾರೂ ಹೇಳಿಕೊಡದೆ, ಪಿಸುದನಿಯಲ್ಲಿ, ‘ಬರ್ಲಿ… ಬರ್ಲಿ…’ ಎಂದ.

ಬಸ್ಸಿನ ತಗಡಿನ ಮೇಲೆ ತಟ್ಟುವ ಅಂಗೈಯ ಸದ್ದು ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿತು.

ನಲವತ್ತು ಮೀಟರ್ ಹಿಂದೆ ಬಂದು ಎಂಜಿನ್ ಆರಿಸಿದೆವು. ಆನೆ ತುಂಬ ಹೊತ್ತು ಹಾಗೆಯೇ ನಿಂತಿತ್ತು. ಆಮೇಲೆ ಒಂದು ಕಿವಿ ಅಲುಗಿತು, ಇನ್ನೊಂದು. ಎಳೆಯ ಹೆಣ್ಣಾನೆ ಪೊದೆಯಿಂದ ಹೊರಬಂದಿತು. ಮರಿ ಅದರ ಹೊಟ್ಟೆಯಡಿಯಲ್ಲೇ ರಸ್ತೆ ದಾಟಿತು.

ಅದರ ವಯಸ್ಸು

ಭಯ ಅಂದೇ ಸಂಜೆ ಇಳಿದುಹೋಯಿತು. ಇಳಿಯದೆ ಉಳಿದದ್ದು ಆ ಹೆಣ್ಣಾನೆಯ ವಯಸ್ಸಿನ ವಿಚಾರ. ಕಾಡಾನೆ ಅರವತ್ತು ವರ್ಷ ಬದುಕಬಲ್ಲದು. ಬಗ್ಗಿದ ಬೆನ್ನು, ಹರಿದ ಕಿವಿಯಂಚು, ಹಿಂಡಿನ ಕೊನೆಯವರೆಗೂ ಕಾಯುವ ರೀತಿ ಎಲ್ಲವನ್ನೂ ನೋಡಿದರೆ ಅದು ನಲವತ್ತೈದು ದಾಟಿದ ಹಿರಿಯಳು ಎಂದು ಡರ್ಬನ್ನಿನ ಗೆಳೆಯ ಅಂದಾಜಿಸಿದ. ಅವನ ಅಂದಾಜು ಸರಿಯಾದರೆ, 1994ರಲ್ಲಿ ಅದಕ್ಕೆ ಹದಿನೈದರ ಆಸುಪಾಸು. 1967ರಿಂದ 1994ರವರೆಗೆ ಕ್ರೂಗರ್‌ನಲ್ಲಿ ಆನೆಗಳ ಸಂಖ್ಯೆಯನ್ನು ಏಳು ಸಾವಿರದ ಸುತ್ತ ಹಿಡಿದಿಡಬೇಕೆಂದು ಹೆಲಿಕಾಪ್ಟರಿನಿಂದ ಅಟ್ಟಿ ಇಡೀ ಹಿಂಡುಗಳನ್ನೇ ಕೊಲ್ಲುತ್ತಿದ್ದರು. ಕಾಡು ತಡೆದುಕೊಳ್ಳಲಾರದು, ಮರಗಳು ಉಳಿಯಲಾರವು ಎಂಬುದು ಆಗಿನ ವಾದ. ವಾದ ಮಾಡಿದವರು ಕಾಡಿನ ಶತ್ರುಗಳೂ ಆಗಿರಲಿಲ್ಲ. ನಮ್ಮನ್ನು ನೋಡುತ್ತ ನಿಂತ ಆ ಆನೆ, ಮನುಷ್ಯನ ಎಂಜಿನ್ನಿನ ಸದ್ದಿನ ಅರ್ಥ ಬೇರೆಯೇ ಆಗಿದ್ದ ಕಾಲದಲ್ಲಿ ಹುಟ್ಟಿ ಬೆಳೆದದ್ದು. ಅದು ನಮ್ಮ ಗಾಡಿಯನ್ನು ಏನೆಂದು ತಿಳಿಯಿತೋ ನಾನು ಹೇಳಲಾರೆ. ಆದರೆ ಹತ್ತು ಮೀಟರಿನಲ್ಲಿ, ಮರಿ ಆಚೆ ಬದಿಯಲ್ಲಿರುವಾಗ, ಅದು ನುಗ್ಗದೆ ನಿಂತಿತು. ನಮಗೆ ಹಿಂದಕ್ಕೆ ಹೋಗಲು ಸಮಯ ಕೊಟ್ಟಿತು. ಆ ಸಂಯಮಕ್ಕೆ ನಾವು ಏನನ್ನೂ ತೆತ್ತಿಲ್ಲ.

ಜೊಹಾನ್ಸ್‌ಬರ್ಗ್‌ನಿಂದ ಎರಡೂವರೆ ಗಂಟೆಯ ದೂರದಲ್ಲಿರುವ ಪಿಲಾನೆಸ್‌ಬರ್ಗ್‌ಗೆ ನಾವು ಆಗಾಗ ಹೋಗುತ್ತೇವೆ. ಅಲ್ಲಿಯೂ ನಮ್ಮ ಗಾಡಿ ನಾವೇ ಓಡಿಸಬಹುದು. ಕ್ರೂಗರ್‌ನ ಆ ಬೇಟೆಯಲ್ಲಿ ಉಳಿಸಿದ ಮರಿಗಳನ್ನು ಅಲ್ಲಿಗೆ ಸಾಗಿಸಿದ್ದರು. ಹಿರಿಯರಿಲ್ಲದೆ ಬೆಳೆದ ಗಂಡುಮರಿಗಳು ತೀರ ಎಳೆಯ ವಯಸ್ಸಿಗೇ ಮದವೇರಿ 1990ರ ದಶಕದಲ್ಲಿ ಖಡ್ಗಮೃಗಗಳನ್ನು ಕೊಲ್ಲತೊಡಗಿದವು. 1998ರಲ್ಲಿ ಕ್ರೂಗರ್‌ನಿಂದಲೇ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟ ಮೇಲೆ ಅದು ನಿಂತಿತು. ಈ ಕಥೆ ನನಗೆ ಮೊದಲಿನಿಂದ ಗೊತ್ತಿತ್ತು, ಬಂದ ಅತಿಥಿಗಳಿಗೆಲ್ಲ ಹೇಳುತ್ತಿದ್ದೆ. ಈಗ ಹೇಳಲು ಹೊರಟರೆ ಬಾನೆಟ್ಟಿನ ಬಿಸಿ ಮೊಣಕಾಲಿಗೆ ತಾಗುತ್ತದೆ. ನನಗೆ ಹೇಳಿಕೊಟ್ಟವರಿದ್ದರು. ಹೇಳಿಕೊಟ್ಟದ್ದು ನೆನಪಿನಲ್ಲೂ ಇತ್ತು. ಕಿವಿ ನೋಡುವ ಮೊದಲು ನಾನು ಪೊದೆಯ ಸಂದಿ ನೋಡಿದೆ.

ಕ್ರೂಗರ್‌ನ ಕ್ಯಾಂಪುಗಳಲ್ಲಿ ಒಂದು ದೊಡ್ಡ ನಕ್ಷೆಯ ಹಲಗೆ ಇರುತ್ತದೆ. ಯಾವ ಪ್ರಾಣಿಯನ್ನು ಎಲ್ಲಿ ಕಂಡೆವೆಂದು ಜನ ಬಣ್ಣದ ಗುರುತುಗಳನ್ನು ಅಂಟಿಸುತ್ತಾರೆ. ಖಡ್ಗಮೃಗಕ್ಕೆ ಮಾತ್ರ ಗುರುತು ಹಾಕುವಂತಿಲ್ಲ, ಕೊಂಬಿಗಾಗಿ ಕೊಲ್ಲುವವರಿಗೆ ದಾರಿ ತೋರಿಸಿದಂತಾಗುತ್ತದೆ ಎಂದು. ಮರಳುವಾಗ ಸ್ಕುಕೂಜ಼ಾದಲ್ಲಿ ಕಾಫಿಗೆ ನಿಂತೆವು. ಆ ಹೆಸರು ಉದ್ಯಾನದ ಮೊದಲ ವಾರ್ಡನ್ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಅವರಿಗೆ ಸ್ಥಳೀಯರು ಇಟ್ಟದ್ದು, ಗುಡಿಸಿಹಾಕಿದವನು ಎಂಬ ಅರ್ಥದಲ್ಲಿ. ಕಾಡನ್ನು ಉಳಿಸಲೆಂದು ಅವರು ಅಲ್ಲಿದ್ದ ಜನರನ್ನೂ ಎತ್ತಿ ಕಳಿಸಿದ್ದರು. ಉತ್ತರದ ತುದಿಯ ಮಕುಲೆಕೆ ಜನರನ್ನು 1969ರಲ್ಲಿ ಹೊರಹಾಕಿ, 1998ರಲ್ಲಿ ನೆಲ ಮರಳಿಸಿದಾಗ ಅವರು ಅದನ್ನು ಕಾಡಾಗಿಯೇ ಉಳಿಸಿಕೊಂಡರು. ಹುಬ್ಬಳ್ಳಿಯ ಗೆಳೆಯನ ಹೆಂಡತಿ ಆನೆಯ ಗುರುತನ್ನು ಕೈಯಲ್ಲಿ ಹಿಡಿದು ಆ ಹಲಗೆಯ ಮುಂದೆ ನಿಂತಳು. ಸಾಬಿಯ ಉತ್ತರ ದಂಡೆಯ ಆ ರಸ್ತೆಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಆ ದಿನ ಬೇಡವೆಂದದ್ದು ಅದೊಂದೇ ಸಲ.

ಗೇಟು ಮುಚ್ಚಲು ಇನ್ನೂ ಮುಕ್ಕಾಲು ಗಂಟೆ ಇರುವಾಗ ನಾವು ಹೊರಗೆ ಬಂದಿದ್ದೆವು.

ನಿನ್ನೆ ಭಾನುವಾರ. ಗುಂಡ್ಲುಪೇಟೆಯಲ್ಲಿ ರಾತ್ರಿ ಎಂಟೂವರೆ, ಇಲ್ಲಿ ಸಂಜೆ ಐದು. ಅಪ್ಪನಿಗೆ ಫೋನ್ ಮಾಡಿ, ಸಿಂಹದಿಂದ ಶುರುಮಾಡದೆ, ಆನೆಯಿಂದ ಶುರುಮಾಡಿದೆ. ಅವರು ನಡುವೆ ಒಂದು ಮಾತೂ ಆಡದೆ ಪೂರ್ತಿ ಕೇಳಿಸಿಕೊಂಡರು.

‘ಎಷ್ಟು ದೂರದಲ್ಲಿತ್ತು?’

‘ಹತ್ತು ಮೀಟ್ರು ಇತ್ತೇನೋ ಅಪ್ಪ.’

‘ಮರಿ ಯಾವ ಕಡ ಇತ್ತು?’

‘ಎಡಗಡೆ. ದೊಡ್ಡದು ಬಲಗಡೆ.’

ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಲಿಲ್ಲ. ಗೋಡೆ ಗಡಿಯಾರದ ಸದ್ದು, ಹೊರಗೆ ಊಟಿ ರಸ್ತೆಯಲ್ಲಿ ಒಂದು ಲಾರಿ ಗೇರ್ ಬದಲಿಸಿದ ಸದ್ದು.

‘ಹಿಂದ್ಲ ಗಾಡಿಯವ್ರು ಸರಿದ್ರಾ?’

‘ಸರಿದ್ರು.’

‘ಮರಿ ದಾಟ್ತಾ?’

‘ದಾಟ್ತು ಅಪ್ಪ.’

‘ಸರಿ ಕನವ್ವ. ಗಾಡಿ ಹಿಂದಕ್ಕ ತಗಂಡಲ್ಲ,’ ಎಂದರು. ಆಮೇಲೆ ಅಲ್ಲಿ ಈಗ ಚಳಿ ಹೇಗಿದೆ ಎಂದು ಕೇಳಿದರು.